ಸುಮೇಧಾಳ ಮದುವೆಗೆ ಹುತ್ತದ ಮಣ್ಣು

"ಇನ್ನು ಮೇಲೆ ಗಿಡಕ್ಕೂ ಮಣ್ಣಿನ ಕ್ರಿಮಿಗೂ ನಡುವೆ ಮಾತುಕತೆ ಆಡಿಸೋನು ನಾನೇ!" ಎಂದು ನಮ್ಮ ಭಾವ ಸೀತಾಪತಿಯವರು ತಾರಸಿಯ ಮೇಲೆ ನಿಂತು ಘೋಷಿಸಿದರು. ಕೇಳಿಸಿಕೊಂಡವರು ನಾನು, ನಮ್ಮಕ್ಕ ವಿಶಾಲು, ಅವರ ಮಗಳು ಸುಮೇಧಾ, ಮತ್ತು ಒಣಗಲು ಹಾಕಿದ್ದ ಅರಳುಸಂಡಿಗೆ. ಇಷ್ಟು ಜನರಲ್ಲಿ ಸಂಡಿಗೆಯೊಂದೇ ಯಾವ ಆತಂಕವನ್ನೂ ತೋರಿಸಲಿಲ್ಲ.

ಭಾವ ಪಾಲಿಟೆಕ್ನಿಕ್ಕಿನಲ್ಲಿ ವಿದ್ಯುತ್ ಪಾಠ ಹೇಳಿ ನಿವೃತ್ತರಾದವರು. ನಿವೃತ್ತರಾದ ಮೇಲೆ ಕೆಲವರು ಕಾಶಿಗೆ ಹೋಗುತ್ತಾರೆ, ಕೆಲವರು ಆತ್ಮಕಥೆ ಬರೆಯುತ್ತಾರೆ. ಮೊದಲನೆಯದರಿಂದ ಯಾರಿಗೂ ತೊಂದರೆಯಿಲ್ಲ; ಎರಡನೆಯದನ್ನು ಓದದೆ ಪಾರಾಗಬಹುದು. ಭಾವ ಮಾತ್ರ ಯಂತ್ರ ಕಂಡುಹಿಡಿಯುತ್ತಾರೆ. ಮೈಸೂರಿನ ನಮ್ಮ ಬಡಾವಣೆಯಲ್ಲಿ ಅವರ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ಆ ಗೋಡೆ ಎಷ್ಟು ತೆಳುವೆಂದರೆ, ಅವರಿಗೆ ಹೊಸ ಯೋಚನೆ ಹೊಳೆದರೆ ನನಗೆ ತಲೆನೋವು ಶುರುವಾಗುತ್ತದೆ.

ಈ ಸಲದ ಯಂತ್ರ ಒಂದು ಮಣೆಯ ಮೇಲೆ ಕುಕ್ಕರುಗಾಲು ಹಾಕಿ ಕೂತಿತ್ತು. ಕುಕ್ಕರುಗಾಲು ಎಂದೇ ಹೇಳಬೇಕು. ಏಕೆಂದರೆ ಅದರ ಹೊಟ್ಟೆ ಪ್ರೆಷರ್ ಕುಕ್ಕರಿನದೇ. ಮೇಲೆ ಹಳೆಯ ರೇಡಿಯೋದ ತಿರುಗಣೆ, ಪಕ್ಕದಲ್ಲಿ ಇಸ್ತ್ರಿಪೆಟ್ಟಿಗೆಯ ವೈರು, ಕೆಳಗಿನಿಂದ ಹೊರಟ ತಾಮ್ರದ ಕಡ್ಡಿಗಳು ಒಂದು ಮಣ್ಣಿನ ಕುಂಡದೊಳಗೆ ಇಳಿದಿದ್ದವು.

"ಏನ್ರೀ, ಇದು ಕಾಣೆಯಾಗಿದ್ದ ನನ್ನ ಕುಕ್ಕರ್ ಅಲ್ವೇನ್ರೀ?" ಅಕ್ಕ ಕೇಳಿದಳು.

"ಕುಕ್ಕರ್ ಅನ್ಬೇಡ ಕಣೇ. ಇದು ಮೃತ್ತಿಕಾ ಸಂಧಾನ ಯಂತ್ರ!"

"ಸೀಟಿ ಹೊಡಿಯತ್ತಾ?"

"ಹೊಡಿಯತ್ತೆ. ತೀರಾ ಬಿಸಿಯಾದಾಗ."

"ಹಾಗಾದ್ರೆ ಕುಕ್ಕರೇ!"

ಭಾವ ಇಂಥ ಟೀಕೆಗಳಿಗೆ ಕಿವಿಗೊಡುವವರಲ್ಲ. ನನ್ನ ಕಡೆ ತಿರುಗಿದರು. "ನೋಡು ಪದ್ದು, ಗಿಡ ಅಂದ್ರೆ ನೀನು ಏನಂದ್ಕೊಂಡಿದೀಯ? ಬಿಸಿಲಲ್ಲಿ ಸಕ್ಕರೆ ಮಾಡ್ಕೊಳ್ಳತ್ತೆ, ಸರಿ. ಆ ಸಕ್ಕರೆ ಎಲ್ಲಾ ತಾನೇ ತಿನ್ನತ್ತಾ? ಇಲ್ಲ! ಒಂದು ಪಾಲನ್ನ ಬೇರಿನ ಮೂಲಕ ಮಣ್ಣಿಗೆ ಸುರಿಯತ್ತೆ. ಯಾಕೆ ಹೇಳು?"

"ಬುದ್ಧಿಯಿಲ್ಲದೆ."

"ಮಣ್ಣಲ್ಲಿರೋ ಕ್ರಿಮಿಗಳಿಗೆ ಊಟ ಹಾಕೋಕೆ ಕಣಯ್ಯಾ! ಉಂಡ ಕ್ರಿಮಿಗಳು ಸುಮ್ನೆ ಇರ್ತಾವಾ? ಗಾಳಿಯಲ್ಲಿರೋ ಸಾರಜನಕ ಹಿಡಿದು ಕೊಡ್ತಾವೆ, ಕಲ್ಲಲ್ಲಿರೋ ರಂಜಕ ಕರಗಿಸಿ ಕೊಡ್ತಾವೆ. ಬೇರಿಗೇ ಹುಕುಂ ಮಾಡ್ತಾವೆ, ಈ ಕಡೆ ಬೆಳಿ, ಆ ಕಡೆ ಕವಲೊಡಿ ಅಂತ. ಗಿಡ ಕ್ರಿಮೀನ ಆಳತ್ತೆ, ಕ್ರಿಮಿ ಗಿಡಾನ ಆಳತ್ತೆ!"

"ಗೊತ್ತಾಯ್ತು ಬಿಡಿ. ನಮ್ಮ ಬಡಾವಣೆ ಸಂಘದ ಥರ."

"ಇನ್ನೂ ಇದೆ! ಒಂದು ಮಣ್ಣಲ್ಲಿ ಒಂದು ಗಿಡ ಬಹಳ ಕಾಲ ಇದ್ರೆ ಅಲ್ಲಿನ ಕ್ರಿಮಿಗಳಿಗೆ ಅದರದ್ದೇ ಅಭ್ಯಾಸ ಆಗಿಹೋಗತ್ತೆ. ಆ ಗಿಡ ಹೋದ್ಮೇಲೂ ಮಣ್ಣಿಗೆ ಆ ಚಾಳಿ ಬಿಡಲ್ಲ. ಆಮೇಲೆ ಬಂದ ಗಿಡಾನೂ ಅದೇ ದಾರಿಗೆ ಎಳೆಯತ್ತೆ. ಮಣ್ಣಿಗೆ ನೆನಪಿದೆ, ಪದ್ದು! ಈ ವ್ಯವಹಾರ ಎಲ್ಲಾ ಆಮೆ ನಡಿಗೇಲಿ ನಡೆಯತ್ತೆ. ನನ್ನ ಯಂತ್ರ ಅದನ್ನ ಕುದುರೆ ಓಟ ಮಾಡತ್ತೆ!"

ಹೀಗೆಂದು ಕುಂಡಕ್ಕೆ ಒಂದು ಹಿಡಿ ಮೆಂತ್ಯ ಎಸೆದು, ತಿರುಗಣೆ ತಿರುಗಿಸಿದರು. ಕುಕ್ಕರು ಗುಂಯ್‌ಗುಟ್ಟಿತು. ನನ್ನ ಲೋಟದ ಕಾಫಿ ಇನ್ನೂ ಆರಿರಲಿಲ್ಲ, ಕುಂಡದ ತುಂಬ ಹಸಿರು ಮೆಂತ್ಯದ ಸೊಪ್ಪು ಎದ್ದು ನಿಂತಿತು! ನಾನು ಬಗ್ಗಿ ಮುಟ್ಟಿ ನೋಡಿದೆ. ನಿಜವಾದ ಸೊಪ್ಪು. ಯಂತ್ರವೊಂದು ಭಾವ ಹೇಳಿದ ಕೆಲಸವನ್ನೇ ಮಾಡಿದ್ದು ಅದೇ ಮೊದಲು. ನನಗೆ ಭಯವಾಗಲು ಅಷ್ಟು ಸಾಕಾಯಿತು.

ಆ ಕುಂಡದಲ್ಲಿ ಅಕ್ಕ ವರ್ಷಗಳಿಂದ ಮೆಂತ್ಯವನ್ನೇ ಬೆಳೆಯುತ್ತಿದ್ದಳು, ಆ ಮಣ್ಣಿಗೆ ಮೆಂತ್ಯದ ಅಭ್ಯಾಸ ಮೊದಲೇ ಇತ್ತು ಎಂಬುದನ್ನು ಭಾವ ಗಮನಿಸಲಿಲ್ಲ. ಸಿದ್ಧಾಂತ ಹೇಳುವವರು ಅದನ್ನು ತಾವೇ ಕೇಳಿಸಿಕೊಳ್ಳುವುದು ಕಡಿಮೆ.

ಸುಮೇಧಾ ಮಾತ್ರ ಸೊಪ್ಪಿನ ಕಡೆ ನೋಡಲೇ ಇಲ್ಲ. "ಅಪ್ಪಾ, ತುಂಬಾ ಚೆನ್ನಾಗಿದೆ. ನನ್ನ ಮದುವೆ ಮುಗಿಯೋವರೆಗೂ ಇದು ತಾರಸಿ ಬಿಟ್ಟು ಕೆಳಗೆ ಇಳೀಕೂಡದು" ಎಂದಳು.

ಅವಳ ಮಾತಿಗೆ ಕಾರಣವಿತ್ತು. ಹಿಂದೊಮ್ಮೆ ಅವಳನ್ನು ನೋಡಲು ಬಂದ ಗಂಡಿನ ಕಡೆಯವರಿಗೆ ಭಾವ ತಾವೇ ತಯಾರಿಸಿದ ಸ್ವಯಂಚಾಲಿತ ಪನ್ನೀರುದಾನಿಯಿಂದ ಸ್ವಾಗತ ಕೋರಿದ್ದರು. ಯಂತ್ರ ತಪ್ಪು ಡಬ್ಬಿಯಿಂದ ಹೀರಿಕೊಂಡು ಹುಡುಗನ ಅಜ್ಜಿಯನ್ನು ನಖಶಿಖಾಂತ ಫಿನಾಯಿಲಿನಲ್ಲಿ ತೋಯಿಸಿತು. ಆ ಸಂಬಂಧ ಅಲ್ಲಿಗೇ ಸ್ವಚ್ಛವಾಯಿತು.

ಈಗ ಕೂಡಿಬಂದಿದ್ದ ಹುಡುಗ ಅನಿರುದ್ಧ. ಸುಮೇಧಾ ಪಾಠ ಮಾಡುವ ಕಾಲೇಜಿನಲ್ಲೇ ಭೂಗೋಳದ ಮೇಷ್ಟ್ರು. ಇಬ್ಬರೂ ತಾವಾಗಿ ಮೆಚ್ಚಿಕೊಂಡವರು. ಆದ್ದರಿಂದ ಹಿರಿಯರ ಒಪ್ಪಿಗೆಗಾಗಿ ಎಲ್ಲರಿಗಿಂತ ಹೆಚ್ಚು ಹೆದರಿದ್ದರು. ಕಷ್ಟವಿದ್ದದ್ದು ಅವನ ತಂದೆ ವಿರೂಪಾಕ್ಷಯ್ಯನವರಲ್ಲಿ. ಅವರು ಆರೋಗ್ಯ ನಿರೀಕ್ಷಕರಾಗಿದ್ದು ನಿವೃತ್ತರಾದವರು, ಆದರೆ ನಿರೀಕ್ಷಣೆ ನಿಲ್ಲಿಸಿರಲಿಲ್ಲ. ಕೊರಳಲ್ಲಿ ಸದಾ ಸ್ಯಾನಿಟೈಸರ್ ಬಾಟಲಿ. ದಪ್ಪ ಮೀಸೆಗೂ ದಿನಕ್ಕೆ ಎಷ್ಟೋ ಸಲ ಅದನ್ನೇ ಸವರಿಕೊಳ್ಳುತ್ತಿದ್ದರು. ಲೋಕದ ಸಕಲ ಅನಿಷ್ಟಕ್ಕೂ ಕ್ರಿಮಿಯೇ ಮೂಲ ಎಂಬುದು ಅವರ ದರ್ಶನ. ನಿಶ್ಚಿತಾರ್ಥದ ದಿನ ತಾಂಬೂಲ ತೆಗೆದುಕೊಳ್ಳುವ ಮೊದಲು ತಟ್ಟೆಗೆ ಎರಡು ಸಲ ಸಿಂಪಡಿಸಿ, ಆಮೇಲೆ ಹೇಳಿದರು:

"ಸೀತಾಪತಿಗಳೇ, ನಿಮ್ಮ ಫಿನಾಯಿಲ್ ವಿಷಯ ನಮಗೂ ಮುಟ್ಟಿದೆ. ಫಿನಾಯಿಲ್ ಬಗ್ಗೆ ನನಗೆ ಆಕ್ಷೇಪಣೆ ಇಲ್ಲ, ಒಳ್ಳೇ ಪದಾರ್ಥ. ಯಂತ್ರದ ಬಗ್ಗೆ ಇದೆ. ಛತ್ರದಲ್ಲಿ ನಿಮ್ಮ ಯಂತ್ರ ಅನ್ನೋದು ನನ್ನ ಕಣ್ಣಿಗೆ ಬಿದ್ರೆ, ಧಾರೆ ಆಗ್ತಿದ್ರೂ ಸರಿ, ಮಗನ್ನ ಎಬ್ಬಿಸ್ಕೊಂಡು ಹೊರಟುಬಿಡ್ತೀನಿ."

"ಛೆ ಛೆ! ದೇವರಾಣೆಗೂ ತರಲ್ಲ!" ಎಂದರು ಭಾವ. ಅವರು ದೇವರನ್ನು ನಂಬುವವರಲ್ಲ ಎಂಬುದು ಬೀಗರಿಗೆ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಅಕ್ಕ ನನ್ನನ್ನು ಕರೆದು, "ಪದ್ದು, ಮದುವೇಲಿ ನಿನಗೆ ಬೇರೆ ಯಾವ ಕೆಲಸಾನೂ ಇಲ್ಲ. ನಿಮ್ಮ ಭಾವನ್ನ ಕಾಯೋದು" ಎಂದಳು. ಸೋದರಮಾವನಿಗೆ ಮದುವೆಯಲ್ಲಿ ಸಿಗುವ ಮರ್ಯಾದೆ ಇದು.

*

ಅಂಕುರಾರ್ಪಣೆ ಎಂಬ ಶಾಸ್ತ್ರವೊಂದು ಇಲ್ಲದಿದ್ದರೆ ಎಲ್ಲವೂ ನೆಟ್ಟಗೆ ನಡೆದುಹೋಗುತ್ತಿತ್ತು. ಹುತ್ತದಿಂದ ಮಣ್ಣು ತಂದು, ಪಾಲಿಕೆ ಎನ್ನುವ ಅಗಲಬಾಯಿಯ ಮಡಕೆಗಳಿಗೆ ತುಂಬಿ, ಹಾಲಿನಲ್ಲಿ ನೆನೆಸಿದ ನವಧಾನ್ಯವನ್ನು ಮುತ್ತೈದೆಯರು ಬಿತ್ತುವುದು. ಹಿಂದೆ ಇದನ್ನು ಮದುವೆಗೆ ಕೆಲವು ದಿನ ಮುಂಚೆಯೇ ಮಾಡಿ, ಮೊಳಕೆ ಬಂದದ್ದನ್ನು ನೋಡಿ ಸಂತೋಷಪಡುತ್ತಿದ್ದರು. ಈಗ ಛತ್ರ ಸಿಗುವುದೇ ಹಿಂದಿನ ಸಂಜೆಯಿಂದ. ಸಂಜೆ ಬಿತ್ತಿದ ಕಾಳು ಬೆಳಿಗ್ಗೆಯೂ ಕಾಳಾಗಿಯೇ ಇರುತ್ತದೆ. ಮೊಳಕೆ ಬಂದಿದೆಯೆಂದು ಎಲ್ಲರೂ ನಂಬುತ್ತಾರೆ. ಮಧ್ಯಾಹ್ನ ಅದನ್ನು ಛತ್ರದವರು ಎಲೆಯ ಜೊತೆ ಗುಡಿಸುತ್ತಾರೆ.

ಆದರೆ ಬೀಗಿತ್ತಿ ಕಾಮಾಕ್ಷಮ್ಮನವರು ಭಾವನ ಎದುರಿಗೇ, "ಮೊಳಕೆ ನೋಡಿದ್ರೆ ಸಾಕು, ಸೊಸೆ ಹೇಗೆ ಬಾಳ್ತಾಳೆ ಅಂತ ನಾನು ಹೇಳಿಬಿಡ್ತೀನಿ. ಈಗಿನ ಕಾಲದಲ್ಲಿ ಎಲ್ಲಿ ಮೊಳಕೆ ಬಿಡಿ!" ಎಂದು ನಿಟ್ಟುಸಿರುಬಿಟ್ಟರು. ಆಗ ಭಾವನ ಕಣ್ಣಿನಲ್ಲಿ ಕಂಡ ಬೆಳಕು ನನಗೆ ಪರಿಚಿತವಾದದ್ದು. ಫಿನಾಯಿಲಿನ ದಿನವೂ ಕಂಡಿತ್ತು.

ನಾನು ಕಾವಲು ಬಿಗಿ ಮಾಡಿದೆ. ಅವರ ಚೀಲ ಜಾಲಾಡಿದೆ. ಕಾರಿನ ಡಿಕ್ಕಿ ನೋಡಿದೆ. ಜರಿಪೇಟದೊಳಗೂ ಕೈ ಹಾಕಿ ನೋಡಿದೆ. ಏನೂ ಇರಲಿಲ್ಲ. ಪಾಲಿಕೆಗಳನ್ನು ಇಡುವ ಪೀಠವೊಂದು ಶಾಮಿಯಾನದವರ ಲಾರಿಯಲ್ಲಿ ಬಂದದ್ದನ್ನೂ, ಅದರ ಸುತ್ತ ಜರಿಬಟ್ಟೆ ನೆಲದವರೆಗೆ ಇಳಿಬಿದ್ದದ್ದನ್ನೂ, ಅದರ ಹಿಂದಿನಿಂದ ಹೊರಟ ವೈರು ಬಣ್ಣದ ದೀಪಗಳ ವೈರಿನ ಜೊತೆ ಸೇರಿಹೋದದ್ದನ್ನೂ ನೋಡಿದೆ. ಅಲಂಕಾರ ಎಂದುಕೊಂಡೆ. ಕಲ್ಯಾಣಮಂಟಪದಲ್ಲಿ ನಿಷ್ಪ್ರಯೋಜಕವಾಗಿ ಮಿನುಗುವ ವಸ್ತುವನ್ನು ಯಾರೂ ಅನುಮಾನಿಸುವುದಿಲ್ಲ.

ಮಣ್ಣು ಬಂದದ್ದು ನಮ್ಮ ಬಡಾವಣೆಯ ಮೂಲೆಯ ಹುತ್ತದಿಂದ. ಆ ಹುತ್ತದ ಬಗ್ಗೆ ಒಂದು ಮಾತು ಹೇಳಬೇಕು. ನಿವೇಶನ ಮಾಡುವಾಗ ರಸ್ತೆಯನ್ನೇ ಬಾಗಿಸಿ ಅದನ್ನು ಉಳಿಸಿಕೊಂಡರು. ಆಮೇಲೆ ಸುತ್ತ ಟೈಲ್ಸು, ಕಬ್ಬಿಣದ ಗ್ರಿಲ್ಲು, ಮೇಲೆ ದಾನಿಗಳ ಹೆಸರಿನ ಫಲಕ. ಅಲ್ಲಿಂದೀಚೆಗೆ ನಾಗರಪಂಚಮಿಗೆ ಮಾತ್ರವಲ್ಲ, ಮಂಗಳವಾರ, ಶುಕ್ರವಾರ, ಮಕ್ಕಳ ಪರೀಕ್ಷೆ, ಯಜಮಾನರ ರಕ್ತದೊತ್ತಡ, ಎಲ್ಲಕ್ಕೂ ಪ್ಯಾಕೆಟ್ ಹರಿದು ಹಾಲು ಸುರಿಯುವುದೇ! ಆ ಹುತ್ತದಲ್ಲಿ ಹಾವಿರಲಾರದು. ಇದ್ದರೆ ಈಜು ಬಲ್ಲದ್ದೇ ಇರಬೇಕು.

*

ಮದುವೆಯ ಬೆಳಿಗ್ಗೆ ಮಂಟಪದ ಹತ್ತಿರ ಕೂಗಾಟ ಕೇಳಿ ಓಡಿದೆ. ಕಾಮಾಕ್ಷಮ್ಮನವರು ಎರಡೂ ಕೈ ಕೆನ್ನೆಗಿಟ್ಟು ನಿಂತಿದ್ದರು.

"ನೋಡ್ರೀ! ಇಲ್ಲಿ ನೋಡ್ರೀ! ಮೊಳಕೆ ಅಂದ್ರೆ ಇದು!"

ಮೊಳಕೆ ಎನ್ನುವುದು ವಿನಯದ ಮಾತು. ಗೋಧಿ, ಭತ್ತ ಮೊಣಕಾಲೆತ್ತರ ನಿಂತಿದ್ದವು. ಹೆಸರು, ಹುರುಳಿ ಪೊದೆಯಾಗಿದ್ದವು. ಅವರೆ ಬಳ್ಳಿ ಮಂಟಪದ ಕಂಬ ಹತ್ತಿ, ಪ್ಲಾಸ್ಟಿಕ್ ಮಾವಿನೆಲೆಯ ತೋರಣವನ್ನು ಮುಟ್ಟಿ ನೋಡಿ, ನಕಲಿ ಎಂದು ಗೊತ್ತಾದಂತೆ ವಾಪಸ್ಸು ತಿರುಗಿತ್ತು.

ವಿರೂಪಾಕ್ಷಯ್ಯನವರು ಕನ್ನಡಕ ಏರಿಸಿದರು. "ಒಂದೇ ರಾತ್ರೀಲಿ?"

"ಮಣ್ಣಿನ ಗುಣ!" ಎಂದರು ಭಾವ, ಎದೆಯುಬ್ಬಿಸಿ.

ನಾನು ಅವರ ಶಲ್ಯ ಹಿಡಿದು ಕಂಬದ ಮರೆಗೆ ಎಳೆದೆ. "ಭಾವ! ಎಲ್ಲಿದೆ ಅದು?"

"ಯಾವುದು?"

"ಅಕ್ಕನ ಕುಕ್ಕರು!"

"ಮೆಲ್ಲಗೆ ಮಾತಾಡಯ್ಯಾ! ಪೀಠದ ಒಳಗಿದೆ. ಯಾರಿಗೂ ಕಾಣಲ್ಲ. ಬೀಗಿತ್ತಿ ಮುಖ ನೋಡಿದ್ಯಾ? ಸುಮೇಧಾ ಆ ಮನೆ ರಾಣಿ ಆಗ್ತಾಳೆ."

"ರಾಣಿ ಆಗೋದು ಆಮೇಲೆ, ಮೊದಲು ಸೊಸೆ ಆಗ್ಲಿ. ಅದನ್ನ ಆರಿಸಿ!"

"ಬೆಳಿಗ್ಗೆ ಪ್ರಯತ್ನ ಮಾಡಿದೆ. ಬೇರು ತಿರುಗಣೆ ಸುತ್ತ ಸುತ್ಕೊಂಡಿದೆ. ಬಿಡಲ್ಲ ಅನ್ನತ್ತೆ." ಇದನ್ನು ಅವರು ಹೆಮ್ಮೆಯಿಂದಲೇ ಹೇಳಿದರು.

ನನಗೆ ತಾರಸಿಯ ಪಾಠ ನೆನಪಾಯಿತು. "ಭಾವ, ಮಣ್ಣಿಗೆ ಹಳೇ ಚಾಳಿ ಬಿಡಲ್ಲ ಅಂದ್ರಲ್ಲ ನೀವು?"

"ಅಂದೆ. ನನ್ನ ಮೂಲ ಸಿದ್ಧಾಂತವೇ ಅದು."

"ಈ ಮಣ್ಣಿನ ಚಾಳಿ ಏನು?"

ಭಾವ ಬಾಯಿ ತೆರೆದರು. "ಮಣ್ಣು ಮಣ್ಣೇ ಅಂದ್ಕೊಂಡೆ ಕಣಯ್ಯಾ... ಹುತ್ತದ್ದು... ವರ್ಷಗಟ್ಟಲೆ ಬರೀ..."

"ಹಾಲು!"

ಸರಿಯಾಗಿ ಅದೇ ಹೊತ್ತಿಗೆ ಮೊದಲ ಸಾಲಿನ ಕುರ್ಚಿಯಿಂದ ಗಂಡಿನ ಚಿಕ್ಕಪ್ಪ ಗುಡುಗಿದರು: "ಯಾರ್ರೀ ಕಾಫಿ ಕೊಟ್ಟೋರು? ಈಗ ತಾನೆ ಬೆಳ್ಳಗಿತ್ತು, ಕೆಳಗಿಟ್ಟು ತೆಗೆಯೋದ್ರೊಳಗೆ ಬರೀ ಡಿಕಾಕ್ಷನ್!"

ಅವರ ಲೋಟದ ಅಂಚಿನಿಂದ ಒಂದು ಬಿಳಿಯ ಬೇರಿನೆಳೆ ಸದ್ದಿಲ್ಲದೆ ಇಳಿದು, ಜಮಖಾನದ ಕೆಳಗೆ ನುಸುಳಿತು.

*

ಆಮೇಲಿನದು ಬಹಳ ಬೇಗ ನಡೆಯಿತು. ಪುರೋಹಿತರಾದ ಕೇಶವ ಜೋಯಿಸರು ಪಂಚಾಮೃತ ಕಲೆಸಲು ಹೋಗಿ, ಹಾಲು ಮೊಸರುಗಳ ಬಟ್ಟಲು ತೊಳೆದಿಟ್ಟಂತಿರುವುದನ್ನು ಕಂಡರು. "ಇವತ್ತು ತ್ರ್ಯಮೃತ!" ಎಂದು ಮುಂದುವರಿದರು. ಅವರಿಗೆ ಅದೇ ದಿನ ಇನ್ನೊಂದು ಮದುವೆಯಿತ್ತು.

ಅಡುಗೆಮನೆಯಲ್ಲಿ ಪರಿಸ್ಥಿತಿ ಗಂಭೀರವಾಗಿತ್ತು. ಅಡುಗೆಯ ಸುಬ್ರಾಯ ಭಟ್ಟರು ಸೌಟು ಹಿಡಿದು ಹಂಡೆಯೊಳಗೆ ಇಣುಕುತ್ತಿದ್ದರು.

"ನೋಡಿ ಸ್ವಾಮಿ, ನನ್ನ ಜನ್ಮದಲ್ಲಿ ಹೀಗಾಗಿಲ್ಲ! ಶಾವಿಗೆ ಪಾಯಸ ಮಾಡಿಟ್ಟೆ. ಈಗ ಬರೀ ಶಾವಿಗೆ ಇದೆ. ಬೇಕಾದ್ರೆ ಒಗ್ಗರಣೆ ಹಾಕಿ ಉಪ್ಪಿಟ್ಟು ಮಾಡ್ಬೋದು!"

"ಮೊಸರು?"

"ಡ್ರಮ್ಮಿನ ತಳದಲ್ಲಿ ಕರಿಬೇವು ಇದೆ. ಅದನ್ನ ಮಾತ್ರ ಬಿಟ್ಟಿದಾವೆ!"

ಕಿಟಕಿಯಿಂದ ಒಳಬಂದ ಬೇರುಗಳು ಹೆಬ್ಬೆರಳಿನ ಗಾತ್ರಕ್ಕೆ ಬೆಳೆದಿದ್ದವು. ಅವುಗಳ ಮೈಮೇಲೆ ನೆಲ್ಲಿಕಾಯಿಯಂಥ ನಸುಗೆಂಪು ಗಂಟುಗಳು. ಭಾವ ಅವನ್ನು ಕಂಡು ಪುಳಕಿತರಾದರು. "ಗಂಟು ನೋಡು ಪದ್ದು! ಸಾರಜನಕ ಹಿಡಿಯೋ ಕ್ರಿಮಿಗಳ ಮನೆ ಇದು. ಹಾಲಿನ ಚಾಳಿ ಇರೋ ಕ್ರಿಮಿಗಳು ಗಿಡಕ್ಕೆ, ಹಾಲು ತಾ, ಹಾಲು ತಾ ಅಂತ ಹುಕುಂ ಮಾಡ್ತಿವೆ, ಗಿಡ ಬೇರು ಚಾಚ್ತಾ ಇದೆ. ನನ್ನ ಸಿದ್ಧಾಂತ ಅಕ್ಷರಶಃ ನಿಜ ಆಯ್ತು!"

"ಆಗದೇ ಇದ್ದಿದ್ರೆ ನಿಮ್ಮ ಮಗಳ ಮದುವೆ ಆಗ್ತಿತ್ತು" ಎಂದೆ.

ಮುಹೂರ್ತ ಹತ್ತಿರವಾಯಿತು. ಅಂತರಪಟ ಸರಿಸಿದರು. ಸುಮೇಧಾ, ಅನಿರುದ್ಧ ಎದುರುಬದುರು ನಿಂತರು. ಕೈಗೆ ಕೈ ಸೇರಿಸಿ ತೆಂಗಿನಕಾಯಿ ಹಿಡಿದರು. ಸುಮೇಧಾಳ ಕಣ್ಣು ಅನಿರುದ್ಧನ ಮೇಲೆ ಇರಲಿಲ್ಲ, ಕಂಬ ಸುತ್ತುತ್ತಿದ್ದ ಬಳ್ಳಿಯ ಮೇಲಿತ್ತು. ಅವಳಿಗೆ ಎಲ್ಲ ಅರ್ಥವಾಗಿತ್ತು.

"ಧಾರೆಗೆ ಹಾಲು!" ಎಂದರು ಜೋಯಿಸರು.

ಛತ್ರದಲ್ಲಿ ಒಂದು ತೊಟ್ಟು ಹಾಲಿಲ್ಲ! ಆಗ ಅಕ್ಕ ಸೆರಗಿನ ಮರೆಯಿಂದ ಫ್ಲಾಸ್ಕು ತೆಗೆದಳು. ಬೀಗಿತ್ತಿಯ ಕಾಫಿಗೆಂದು ಕಾದಿಟ್ಟ ಹಾಲು. ಮುಚ್ಚಳ ಬಿಗಿಯಾಗಿದ್ದದ್ದರಿಂದ ಬೇರುಗಳಿಗೆ ಅದರ ವಾಸನೆ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ವಿರೂಪಾಕ್ಷಯ್ಯನವರು ತಮ್ಮ ಕೋಣೆಯಿಂದ ಬಂದರು. ಮನೆಯಿಂದಲೇ ಮೂರು ಸಲ ಕುದಿಸಿ ತಂದಿದ್ದ ಬಾದಾಮಿ ಹಾಲನ್ನು ಆಗ ತಾನೇ ಕುಡಿದಿದ್ದರು. ಮೀಸೆಯ ತುದಿ ಬೆಳ್ಳಗಿತ್ತು. ಅವರು ಮಂಟಪ ಹತ್ತಿದ್ದೇ ತಡ, ಪಾಲಿಕೆಯಿಂದ ಒಂದು ಎಳೆಯ ಬೇರು ಎದ್ದು, ತಾಯಿ ಮಗುವಿನ ಬಾಯಿ ಒರೆಸುವಷ್ಟು ನಯವಾಗಿ, ಅವರ ಮೀಸೆಯನ್ನು ಎಡದಿಂದ ಬಲಕ್ಕೆ ಒರೆಸಿತು.

"ಕ್ರಿಮಿ!" ಎಂದು ಬೀಗರು ಚೀರಿದರು. ಕೊರಳಿನ ಬಾಟಲಿ ಎತ್ತಿ, ಆ ಪಾಲಿಕೆಯ ಮಣ್ಣಿಗೇ ಸ್ಯಾನಿಟೈಸರ್ ಸುರಿದುಬಿಟ್ಟರು!

ಆ ಮಡಕೆಯ ಗೋಧಿ ಕಣ್ಣೆದುರಿಗೇ ಸೊರಗಿ ತಲೆಬಾಗಿಸಿತು. ಮಿಕ್ಕ ಮಡಕೆಗಳ ಗಿಡಗಳೆಲ್ಲ ಒಮ್ಮೆಲೇ ನೆಟ್ಟಗಾದವು. ಒಂದರ ಕಷ್ಟ ಇನ್ನೊಂದಕ್ಕೆ ಬೇರಿನ ದಾರಿಯಿಂದ ತಿಳಿದುಹೋಗುತ್ತದೆಂದು ಭಾವ ಆಮೇಲೆ ವಿವರಿಸಿದರು. ಆ ಹೊತ್ತಿನಲ್ಲಿ ವಿವರಣೆ ಬೇಕಿರಲಿಲ್ಲ. ಎಲೆಗಳೆಲ್ಲ ಬೀಗರ ಕಡೆಗೇ ತಿರುಗಿದ್ದವು. ಪೀಠದೊಳಗೆ ಗುಂಯ್ ಎಂಬ ಸದ್ದು ಏರಿತು, ಇನ್ನೂ ಏರಿತು, ಕೊನೆಗೆ ನಾದಸ್ವರವನ್ನೂ ಮೀರಿಸಿ ಒಂದು ಉದ್ದನೆಯ ಸೀಟಿ ಹೊಡೆಯಿತು!

ಡೋಲು ನಿಂತಿತು. ವಿರೂಪಾಕ್ಷಯ್ಯನವರು ಬಗ್ಗಿ ಜರಿಬಟ್ಟೆ ಎತ್ತಿದರು.

"ಯಂತ್ರ!"

"ಕುಕ್ಕರ್ ಬೀಗರೇ, ಬರೀ ಕುಕ್ಕರ್" ಎಂದರು ಭಾವ. ಜೀವನದಲ್ಲಿ ಮೊದಲ ಸಲ ಆ ಹೆಸರನ್ನು ಒಪ್ಪಿಕೊಂಡಿದ್ದರು.

"ಕುಕ್ಕರಿಗೆ ತಿರುಗಣೆ ಇರತ್ತೇನ್ರೀ? ದೇವರಾಣೆ ಮಾಡಿದ್ರಲ್ರೀ ನೀವು! ಮಾತು ಅಂದ್ರೆ ಮಾತು. ಅನಿರುದ್ಧ, ಇಳಿ ಕೆಳಗೆ! ಈ ಮದುವೆ ನಡೆಯಲ್ಲ!"

"ಅಪ್ಪಾ, ಸ್ವಲ್ಪ..." ಎಂದ ಅನಿರುದ್ಧ. ಭೂಗೋಳದ ಮೇಷ್ಟರಿಗೆ ಆ ಹೊತ್ತಿನಲ್ಲಿ ಯಾವ ದಿಕ್ಕೂ ಹೊಳೆಯಲಿಲ್ಲ.

"ಇಳೀತೀಯೋ ಇಲ್ವೋ?"

ಅನಿರುದ್ಧನ ಬೆರಳು ಸಡಿಲವಾಗುವುದನ್ನು ನಾನು ಕಂಡೆ. ಸುಮೇಧಾಳೂ ಕಂಡಳು. ಒಮ್ಮೆ ಬಳ್ಳಿಯನ್ನು ನೋಡಿದಳು, ಒಮ್ಮೆ ಅಕ್ಕನ ಕೈಯ ಫ್ಲಾಸ್ಕನ್ನು ನೋಡಿದಳು. ಆಮೇಲೆ ಬಹಳ ಶಾಂತವಾಗಿ, "ಅಮ್ಮಾ, ಸುರಿ" ಎಂದಳು.

"ಏನೇ?"

"ಪೂರ್ತಿ ಸುರಿ ಅಂದೆ!"

ಅಕ್ಕ ಮುಚ್ಚಳ ತಿರುಗಿಸಿ, ಫ್ಲಾಸ್ಕನ್ನು ಅವರಿಬ್ಬರ ಕೈಮೇಲೆ ಬೋರಲು ಹಾಕಿದಳು!

ಎಲ್ಲ ಪಾಲಿಕೆಗಳ ಎಲ್ಲ ಬೇರುಗಳೂ ಒಟ್ಟಿಗೇ ಬಂದವು. ಅಡುಗೆಮನೆಯಿಂದ ಬಂದವು, ಕುರ್ಚಿಗಳ ಸಂದಿಯಿಂದ ಬಂದವು, ಹಾಸಿದ ಜಮಖಾನವನ್ನು ಅಲೆಯಂತೆ ಎತ್ತುತ್ತ ಬಂದವು. ಹೆಣ್ಣಿನ ಕೈ, ಗಂಡಿನ ಕೈ, ನಡುವಿನ ತೆಂಗಿನಕಾಯಿ ಮೂರನ್ನೂ ಸೇರಿಸಿ, ಉಲ್ಲನ್ನಿನ ಉಂಡೆಯಂತೆ ಸುತ್ತಿ ಸುತ್ತಿ ಬಿಗಿದವು. ಮಗನನ್ನು ಎಳೆದುಕೊಳ್ಳಲು ಬೀಗರು ನುಗ್ಗಿ ಬಗ್ಗಿದರು. ಒರೆಸಿದ ಮೇಲೂ ಮೀಸೆಯ ಬುಡದಲ್ಲಿ ಬಾದಾಮಿ ಹಾಲಿನ ಪಸೆ ಉಳಿದಿತ್ತು. ಅವರೆ ಬಳ್ಳಿಯ ಕುಡಿ ಅದನ್ನು ಪತ್ತೆಹಚ್ಚಿತು. ಸರ್ರನೆ ಬಂದು ಮೀಸೆಗೆ ಸುತ್ತಿಕೊಂಡಿತು.

"ಬಿಡ್ಸಿ! ಬಿಡ್ಸ್ರೀ ಯಾರಾದ್ರೂ!"

"ಎಳೀಬೇಡಿ ಅಪ್ಪಾ, ನನ್ನ ಕೈಗೂ ಜಗ್ಗತ್ತೆ" ಎಂದ ಅನಿರುದ್ಧ. ಅವನ ಮುಖದಲ್ಲಿ ಈಗ ವಿಲಕ್ಷಣ ನೆಮ್ಮದಿ ಮೂಡಿತ್ತು. "ನಾನು ಬರ್ತಿದ್ದೆ. ಆದ್ರೆ ನೋಡಿ, ಬರೋಕಾಗಲ್ಲ."

ಕೇಶವ ಜೋಯಿಸರು ಗಡಿಯಾರ ನೋಡಿದರು. "ಧಾರೆ ಆಯ್ತು. ಕೈ ಚೆನ್ನಾಗಿಯೇ ಕೂಡಿದೆ. ಮಾಂಗಲ್ಯ!"

"ರೀ ಜೋಯಿಸರೇ! ಮದುವೆ ನಿಂತಿದೆ ಅಂದೆ ನಾನು!" ಬೀಗರು ಬಗ್ಗಿದ ಭಂಗಿಯಲ್ಲೇ ಕೂಗಿದರು.

"ನಿಂತಿದ್ರೆ ಎಲ್ರೂ ಹೊರಡಬೇಕಲ್ಲ ಸ್ವಾಮಿ, ನೀವೇ ಹೊರಡೋ ಹಾಗಿಲ್ಲ. ಸುಮ್ನೆ ಯಾಕೆ ಮುಹೂರ್ತ ಹಾಳು?"

ವರನ ಕೈ ಖಾಲಿಯಿರಲಿಲ್ಲ. ಆದರೆ ಮಾಂಗಲ್ಯವನ್ನು ಬೆಳಿಗ್ಗೆ ಹಾಲಿನಲ್ಲಿ ತೊಳೆದಿದ್ದರು. ತಟ್ಟೆ ಹತ್ತಿರ ಬಂದ ಕೂಡಲೇ ಹುರುಳಿ ಬಳ್ಳಿಯೊಂದು ದಾರವನ್ನು ಎತ್ತಿಕೊಂಡಿತು. ಸುಮೇಧಾ ಬೇಗ ಕೊರಳು ಬಾಗಿಸಿದಳು. ಅನಿರುದ್ಧನ ಅಕ್ಕ ಎರಡು ಗಂಟು ಹಾಕಿದಳು, ಮೂರನೆಯದನ್ನು ಬಳ್ಳಿ ಹಾಕಿತು. ಓಲಗದವರು ಏನು ಮಾಡಬೇಕೆಂದು ತೋಚದೆ, ರೂಢಿಯಂತೆ ಗಟ್ಟಿಮೇಳ ಬಾರಿಸಿಬಿಟ್ಟರು. ಬಾರಿಸಿದ ಮೇಲೆ ಯಾರು ಏನು ಮಾಡಲು ಸಾಧ್ಯ? ಜನ ಅಕ್ಷತೆ ಎರಚಿದರು. ಕೆಲವರು ಬೀಗರ ಬೆನ್ನಿನ ಮೇಲೂ ಎರಚಿದರು.

*

"ಈಗ ಇದನ್ನ ಬಿಡಿಸೋದು ಹೇಗೆ?" ನಾನು ಭಾವನನ್ನು ಕೇಳಿದೆ. ಅಕ್ಕ ವೈರನ್ನೇ ಕಿತ್ತು ಯಂತ್ರವನ್ನು ಆರಿಸಿದ್ದಳು. ಹೊಸ ಬೇರು ಬರುವುದು ನಿಂತಿತ್ತು, ಹಳೆಯ ಹಿಡಿತ ಸಡಿಲವಾಗಲಿಲ್ಲ.

"ಗಿಡಕ್ಕೂ ಕ್ರಿಮಿಗೂ ಜಗಳ ತಂದಿಡ್ಬೇಕು. ಸರಳ! ಅಂಗಡಿ ಗೊಬ್ಬರ ಧಾರಾಳವಾಗಿ ಸಿಕ್ಕಿದ್ರೆ ಗಿಡಕ್ಕೆ ಕ್ರಿಮಿ ಯಾಕೆ ಬೇಕು? ಊಟ ಹಾಕೋದು ನಿಲ್ಲಿಸಿಬಿಡತ್ತೆ. ಅಲ್ಲಿಗೆ ಸ್ನೇಹ ಖತಂ, ಹುಕುಂ ಖತಂ. ಓಡು, ಗೊಬ್ಬರ ತಾ!"

ನಾನು ಹೊರಡುವಾಗ ಸುಮೇಧಾ ಕರೆದಳು. "ಮಾಮ, ಗೊಬ್ಬರದ ಅಂಗಡಿ ದೂರ ಇದೆ ಅಲ್ವಾ?"

"ಇಲ್ಲಮ್ಮ, ಹಿಂದಿನ ರಸ್ತೇಲೇ ಇದೆ."

"ಇಲ್ಲ ಮಾಮ. ದೂರ ಇದೆ. ನಮ್ಮ ಮಾವನವರು ಊಟ ಮುಗಿಸೋಷ್ಟು ದೂರ."

ಅವಳ ಲೆಕ್ಕ ಸರಿಯಾಗಿತ್ತು. ಹೆಣ್ಣಿನ ಮನೆಯ ಮೇಲೆ ಮುನಿದ ಬೀಗರು ಮೊದಲು ಮಾಡುವ ಕೆಲಸ ಊಟ ಬಿಟ್ಟು ಏಳುವುದು. ಒಮ್ಮೆ ಎಲೆಯ ಮುಂದೆ ಕೂತು ಉಂಡು ಕೈ ತೊಳೆದರೋ, ಮತ್ತೆ ಸಂಬಂಧ ಬೇಡವೆನ್ನಲು ಮುಖವಿರುವುದಿಲ್ಲ. ನಾನು ನಡೆದೇ ಹೋದೆ. ದಾರಿಯಲ್ಲಿ ಸಿಕ್ಕ ಪರಿಚಯದವರನ್ನೆಲ್ಲ ನಿಲ್ಲಿಸಿ ಆರೋಗ್ಯ ವಿಚಾರಿಸಿದೆ. ಅಂಗಡಿಯವನ ಹತ್ತಿರ ಯೂರಿಯಾದ ಸಾಧಕಬಾಧಕಗಳನ್ನು ಕೂಲಂಕಷವಾಗಿ ಚರ್ಚಿಸಿದೆ.

ವಾಪಸ್ಸು ಬಂದಾಗ ಮಂಟಪದ ಮೇಲೇ ಎಲೆ ಹಾಕಿದ್ದರು. ಮದುಮಕ್ಕಳಿಗೆ ಇಬ್ಬರು ತಾಯಂದಿರೂ ತುತ್ತು ಕೊಡುತ್ತಿದ್ದರು. ವಿರೂಪಾಕ್ಷಯ್ಯನವರು ಮೀಸೆಯಿಂದ ಬಳ್ಳಿಗೆ, ಬಳ್ಳಿಯಿಂದ ಮಗನಿಗೆ ಕಟ್ಟಿಕೊಂಡಂತೆ ಕೂತು, ಹುಳಿಯನ್ನ ಕಲೆಸುತ್ತಿದ್ದರು.

"ಊಟ ಮಾಡಲ್ಲ ಅಂತಲೇ ಕೂತಿದ್ರು" ಎಂದು ಅಕ್ಕ ಪಿಸುಗುಟ್ಟಿದಳು. "ಬೀಗಿತ್ತಿ ಬಿಡ್ಬೇಕಲ್ಲ! ಇಂಥ ಮೊಳಕೆ ಬಂದ ಮನೆ ಹುಡುಗೀನ ಬಿಟ್ರೆ ನಾನು ತೌರಿಗೆ ಹೊರಟೆ ಅಂದ್ರಂತೆ. ಈಗ ಬೀಗರು ಎರಡನೇ ಸಲ ಹಪ್ಪಳ ಕೇಳಿದಾರೆ."

ಯೂರಿಯಾ ನೀರು ಪಾಲಿಕೆಗಳಿಗೆ ಬಿದ್ದ ಸ್ವಲ್ಪ ಹೊತ್ತಿಗೆ ಬೇರುಗಳು ಜೋಲುಬಿದ್ದು, ಮದುಮಕ್ಕಳ ಕೈಯಿಂದ ಉದುರಿದವು. ಅವರಿಬ್ಬರೂ ಕೈ ಬಿಡಲಿಲ್ಲ. ಅದೂ ತಮ್ಮ ಯಂತ್ರದ್ದೇ ಸಾಧನೆ ಎಂದು ಭಾವ ಹತ್ತಿರದಲ್ಲಿದ್ದವರಿಗೆಲ್ಲ ತಿಳಿಸಿದರು. ಮೀಸೆಯ ಬಳ್ಳಿ ಮಾತ್ರ ಜಪ್ಪೆನ್ನಲಿಲ್ಲ. ಅದರ ಬೇರು ಮಡಕೆ ಬಿಟ್ಟು ಮೀಸೆಯೊಳಗೇ ಇಳಿದು ಎಷ್ಟೋ ಹೊತ್ತಾಗಿತ್ತು.

"ಬೀಗರೇ, ಮೀಸೆಗೆ ಒಂದು ಚಮಚ ಯೂರಿಯಾ ಸವರಿದ್ರೆ..." ಎಂದು ಭಾವ ಶುರುಮಾಡಿದರು.

"ನನ್ನ ಮುಖಕ್ಕೆ ಗೊಬ್ಬರ ಹಾಕ್ತೀರೇನ್ರೀ?" ಎಂದು ಅವರು ಹೂಂಕರಿಸಿದ್ದರಿಂದ, ಕೊನೆಗೆ ಹೂವಿನವಳ ಕತ್ತರಿಯಿಂದ ಬಳ್ಳಿಯನ್ನು ತುಂಡರಿಸಿ, ಅವರನ್ನು ಗೌರವದಿಂದ ಕಳಿಸಿಕೊಟ್ಟೆವು.

ಬುಡ ಮೀಸೆಯ ಒಳಗೇ ಉಳಿಯಿತು. ಸ್ಯಾನಿಟೈಸರಿನಿಂದ ಹಳೆಯ ಕ್ರಿಮಿಗಳೆಲ್ಲ ಸತ್ತು ಖಾಲಿಬಿದ್ದಿದ್ದ ಆ ಮೀಸೆಯಲ್ಲಿ ಹುತ್ತದ ಕ್ರಿಮಿಗಳು ಯಾವ ಪೈಪೋಟಿಯೂ ಇಲ್ಲದೆ ನೆಲೆಯೂರಿವೆ ಎಂದು ಭಾವ ಹೇಳುತ್ತಾರೆ. ಬೋಳಿಸಿದರೆ ಮೂರನೆಯ ದಿನಕ್ಕೆ ಮತ್ತೆ ಚಿಗುರುತ್ತದೆ. ಈ ಚಳಿಗಾಲ ಮೀಸೆಯಲ್ಲಿ ಹೂವಾಗಿದೆ. ಒಳ್ಳೆಯ ಸೊಗಡು ಎಂದು ಕಾಮಾಕ್ಷಮ್ಮನವರೇ ಫೋನಿನಲ್ಲಿ ಹೊಗಳಿದರು. ಅವರೆಕಾಯಿ ಬಿಟ್ಟರೆ ಮೊದಲ ಬೆಳೆ ಗಂಡಿನ ಮನೆಗೆ ಸೇರಬೇಕೋ ಹೆಣ್ಣಿನ ಮನೆಗೋ ಎಂಬ ಮಾತು ಎದ್ದಿದೆ. ಶಾಸ್ತ್ರ ನೋಡಿ ಹೇಳುತ್ತೇನೆ ಎಂದಿದ್ದಾರೆ ಕೇಶವ ಜೋಯಿಸರು. ಹುಡುಕಿದರೆ ಅವರಿಗೆ ಸಿಗದ ಶಾಸ್ತ್ರವಿಲ್ಲ.